ಕರೆಂಟ್ ಕುರ್ಚಿ

ನಮ್ಮ ಮನೆಯಲ್ಲಿ ಅದಕ್ಕೆ ‘ಕರೆಂಟ್ ಕುರ್ಚಿ’ ಎಂದೇ ಹೆಸರು. ಹೆಸರಿಟ್ಟವರು ಅವ್ವ. ಮೊದಲ ಸಲ ಕೇಳಿದ ಗೆಳೆಯರು ಒಂದು ಕ್ಷಣ ಬೆಚ್ಚಿ ಅನಂತರ ನಗುತ್ತಾರೆ. ಅಮೆರಿಕದ ಸೆರೆಮನೆಗಳ ಇನ್ನೊಂದು ಕುರ್ಚಿ ಅವರ ನೆನಪಿಗೆ ಬಂದಿರುತ್ತದೆ. ಅವ್ವನಿಗೆ ಆ ಚರಿತ್ರೆ ಬೇಕಿಲ್ಲ. ಧಾರವಾಡದ ಪಡಸಾಲೆಯಲ್ಲಿದ್ದುದು ಆರಾಮ ಕುರ್ಚಿ, ಪುಣೆಯ ಕೋಥರೂಡಿನ ಮೂರನೆಯ ಮಹಡಿಯಲ್ಲಿರುವುದು ಕರೆಂಟ್ ಕುರ್ಚಿ. ಅವರ ಲೆಕ್ಕ ಅಷ್ಟೇ.

ಆರಾಮ ಕುರ್ಚಿ ಎಂದರೆ ಸಾಗವಾನಿಯ ಚೌಕಟ್ಟು, ಒಂದು ದಪ್ಪ ಬಟ್ಟೆ, ಬಟ್ಟೆಯನ್ನು ಹಿಡಿದ ಎರಡು ಕೋಲು. ಬಟ್ಟೆ ಹರಿಯುವುದೊಂದೇ ಅದರ ಕಾಯಿಲೆ. 1928ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಮನ್ರೋ ಪಟ್ಟಣದಲ್ಲಿ ಎಡ್ವರ್ಡ್ ಕ್ನಾಬುಶ್ ಮತ್ತು ಎಡ್ವಿನ್ ಶೂಮೇಕರ್ ಎಂಬ ಸೋದರಸಂಬಂಧಿಗಳು ರೂಪಿಸಿದ, ಮುಂದೆ ಲೇಜಿಬಾಯ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಕುರ್ಚಿಯೂ ಮೊದಲಿಗೆ ಮರದ ಪಟ್ಟಿಗಳದೇ. ಅದಕ್ಕೂ ಕರೆಂಟ್ ಬೇಕಿರಲಿಲ್ಲ. ಆದರೆ ಇವೆಲ್ಲ ಮೊಣಕಾಲು ಗಟ್ಟಿಯಿದ್ದವರ ಕುರ್ಚಿಗಳು. ಒರಗುವುದು ಸುಲಭ, ಏಳುವುದು ಕಷ್ಟ. ಅವ್ವನಿಗೆ ಬೇಕಾದುದು ಎಬ್ಬಿಸುವ ಕುರ್ಚಿ. ಒಂದು ಗುಂಡಿ ಒತ್ತಿದರೆ ಬೆನ್ನು ವಾಲಿ ಕಾಲ್ಮಣೆ ಮೇಲೇಳುತ್ತದೆ. ಇನ್ನೊಂದನ್ನು ಒತ್ತಿದರೆ ಇಡೀ ಆಸನವೇ ಮುಂದಕ್ಕೆ ಬಾಗಿ ಕುಳಿತವರನ್ನು ಮೆಲ್ಲನೆ ನಿಲ್ಲಿಸುತ್ತದೆ.

ಅದು ಮೊದಲ ಬಾರಿ ನಿಂತುಹೋದಾಗ ಮಾರಿದ ಅಂಗಡಿಯವರು ಕುರ್ಚಿಯನ್ನು ನೋಡದೆಯೇ, ಫೋನಿನಲ್ಲಿಯೇ, ಮೋಟರು ಬದಲಿಸಬೇಕೆಂದು ತೀರ್ಪಿತ್ತರು. ಆ ಆತುರ ನಮಗೆ ಹಿಡಿಸಲಿಲ್ಲ. ಪ್ಲಗ್ ಕಿತ್ತು, ಟಾರ್ಚ್ ಹಿಡಿದು, ಕುರ್ಚಿಯ ಅಡಿಗೆ ಬಗ್ಗಿ ನೋಡಿದೆವು. ಒಳಗಿನ ಸಂಸಾರ ಚಿಕ್ಕದು. ಗೋಡೆಯ 230 ವೋಲ್ಟನ್ನು ಸುಮಾರು 29 ವೋಲ್ಟಿಗೆ ಇಳಿಸುವ ಕರಿಯ ಅಡಾಪ್ಟರ್. ಅಲ್ಲಿಂದ ಮೋಟರಿಗೆ ವೈರು. ಮೋಟರು ತಿರುಗಿಸುವ ಉದ್ದನೆಯ ತಿರುಪು. ಆ ತಿರುಪಿನಿಂದ ಮುಂದೆ ಹಿಂದೆ ಸರಿಯುವ ಒಂದು ದಂಡ. ಜೊತೆಗೆ ಕೈಯಲ್ಲಿ ಹಿಡಿಯುವ ರಿಮೋಟು. ಇದರಲ್ಲಿ ಮೋಟರೇ ಗಟ್ಟಿಮುಟ್ಟಾದ ಅಂಗ. ಸೋಲುವುದು ಹೆಚ್ಚಾಗಿ ಕೊಂಡಿಗಳು. ಕುರ್ಚಿ ಪ್ರತಿ ಸಲ ಚಾಚಿ ಮಡಚುವಾಗ ವೈರು ಎಳೆಯಲ್ಪಡುತ್ತದೆ, ಕಬ್ಬಿಣದ ಕತ್ತರಿಗಾಲುಗಳ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ನಮ್ಮದರಲ್ಲಿ ಅಡಾಪ್ಟರಿನಿಂದ ಬಂದ ಪಿನ್ನು ಅರ್ಧ ಬೆರಳಿನಷ್ಟು ಸರಿದು ನಿಂತಿತ್ತು. ಒತ್ತಿದೆವು, ನಡೆಯಿತು. ಅಷ್ಟಕ್ಕೆ ಮೋಟರಿನ ಬೆಲೆ!

ಅಂದಿನಿಂದ ಹುಡುಕಾಟವನ್ನು ಗೋಡೆಯಿಂದ ಆರಂಭಿಸುವುದು ನಮಗೆ ರೂಢಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿದರೆ ಗೋಡೆಯ ಕಥೆ ತಿಳಿಯುತ್ತದೆ. ಅಡಾಪ್ಟರಿನ ಪುಟ್ಟ ದೀಪ ಆರಿದ್ದರೆ ಅನುಮಾನ ಅಡಾಪ್ಟರಿನ ಮೇಲೆ. ಹೋಗಿ ಬರುವ ಕರೆಂಟಿನ ಹೊಡೆತಕ್ಕೆ ಮೊದಲು ಬಲಿಯಾಗುವುದು ಅದೇ. ಬುಧವಾರ ಪೇಠೆಯ ತಾಪಕೀರ್ ಗಲ್ಲಿಯ ಕಡೆ ಹುಡುಕಲು ಹೋಗುವುದಾದರೆ ಹಳೆಯದನ್ನು ಕೈಯಲ್ಲಿಯೇ ಒಯ್ಯಬೇಕು. ವೋಲ್ಟು, ಆಂಪಿಯರು, ಪಿನ್ನುಗಳ ಸಂಖ್ಯೆ ಮೂರೂ ಹೊಂದಬೇಕು. ಕುರ್ಚಿ ಮೇಲೇಳುತ್ತದೆ, ಇಳಿಯುವುದಿಲ್ಲ ಎಂದರೆ ರಿಮೋಟಿನ ಒಂದು ಗುಂಡಿಯನ್ನೋ ದಂಡದ ತುದಿಯಲ್ಲಿ ಅದನ್ನು ತಡೆಯುವ ಸ್ವಿಚ್ಚನ್ನೋ ಶಂಕಿಸಬೇಕು. ಮೋಟರಿನ ಸದ್ದು ಬರುತ್ತದೆ, ಆಸನ ಅಲುಗುವುದಿಲ್ಲ ಎಂದರೆ ದಂಡವನ್ನು ಚೌಕಟ್ಟಿಗೆ ಹಿಡಿದ ಮೊಳೆ ಕಳಚಿರಬಹುದು. ಬೆನ್ನಿಗೊಂದು ಕಾಲಿಗೊಂದು ಒಂದೇ ಜಾತಿಯ ಎರಡು ಮೋಟರುಗಳಿದ್ದರೆ ಅವುಗಳ ವೈರುಗಳನ್ನು ಅದಲುಬದಲು ಮಾಡಿದರೆ ಸಾಕು: ಸತ್ತಿದ್ದದ್ದು ಓಡಿದರೆ ಮೋಟರು ನಿರಪರಾಧಿ. ಮೊಮ್ಮಕ್ಕಳು ಬಂದಾಗಲಂತೂ ಬೇರೆಯದೇ ಕಾಯಿಲೆ. ಇಂಥ ಅನೇಕ ಮೋಟರುಗಳ ಮೇಲಿನ ಚೀಟಿಯಲ್ಲಿ 2 ನಿಮಿಷ ಓಡಿದರೆ 18 ನಿಮಿಷ ವಿಶ್ರಾಂತಿ ಎಂದು ಬರೆದಿರುತ್ತದೆ. ಮಕ್ಕಳಿಗೆ ಅದು ಉಯ್ಯಾಲೆ. ಬಿಸಿಯೇರಿ ನಿಂತ ಕುರ್ಚಿಗೆ ರಿಪೇರಿ ಬೇಡ, ಅರ್ಧ ಗಂಟೆಯ ಮೌನ ಸಾಕು.

ಇವೆಲ್ಲ ಕುರ್ಚಿಯ ತೊಂದರೆಗಳು. ಕುಳಿತವರ ತೊಂದರೆ ಬೇರೆ. ಪುಣೆಯಲ್ಲಿ ವಿದ್ಯುತ್ ಮಾರ್ಗಗಳ ದುರಸ್ತಿಗೆ ಗುರುವಾರ ಕರೆಂಟ್ ತೆಗೆಯುವುದು ಹಳೆಯ ರೂಢಿ. ಅಂಥ ಒಂದು ಗುರುವಾರ ಅವ್ವ ಕಾಲು ಚಾಚಿ ಒರಗಿದ್ದಾಗ ನೆರೆಮನೆಯಿಂದ ‘ಲೈಟ್ ಗೇಲೀ’ ಎಂಬ ಕೂಗು ಕೇಳಿಸಿತು. ಫ್ಯಾನು ತಿರುಗುತ್ತಲೇ ಇತ್ತು, ಅದು ಇನ್ವರ್ಟರಿನ ಕೃಪೆ. ಕುರ್ಚಿ ಮಾತ್ರ ನಿಶ್ಚಲ. “ನಾ ಇಲ್ಲೇ ಮಲಕೊಂಡಿರ್ತೀನಿ, ಲೈಟ್ ಬಂದ ಮ್ಯಾಲೆ ಎಬ್ಬಸ್ರಿ,” ಎಂದರು ಅವ್ವ. ಸ್ವಲ್ಪ ಹೊತ್ತಿನಲ್ಲಿ ದನಿ ಬದಲಾಯಿತು, ಬಚ್ಚಲಿಗೆ ಹೋಗಬೇಕಿತ್ತು. ಎತ್ತರದ ಕೈಗಳು ಪಕ್ಕಕ್ಕೆ ಇಳಿಯಗೊಡುವುದಿಲ್ಲ. ಚಾಚಿದ ಕಾಲ್ಮಣೆಯ ಮೇಲೆ ಭಾರ ಹಾಕಿದರೆ ಕುರ್ಚಿ ಮುಂದಕ್ಕೆ ಮಗುಚಬಹುದು. ನಾವಿಬ್ಬರೂ ಮನೆಯಲ್ಲಿದ್ದೆವು; ಒಬ್ಬರು ಬೆನ್ನಿಗೆ, ಒಬ್ಬರು ಕಾಲಿಗೆ ಆತು ಇಳಿಸಿದೆವು. ಹಗಲೆಲ್ಲ ಅವರೊಡನೆ ಇರುವ ಮಾವಶಿ ಒಬ್ಬರೇ ಇದ್ದಿದ್ದರೆ? ಯಂತ್ರ ಕೆಡುವುದಕ್ಕಿಂತ ಕೆಡದೆಯೇ ನಿಲ್ಲುವುದು ಹೆಚ್ಚು ಭಯಂಕರವೆಂದು ನಮಗೆ ತೋರಿದ್ದು ಆಗ.

ಪರಿಹಾರ ದುಬಾರಿಯದಲ್ಲ. ಅಡಾಪ್ಟರಿನ ಮೇಲೆ 29 ವೋಲ್ಟು, 2 ಆಂಪಿಯರು ಎಂದಿದೆ. ಗುಣಿಸಿದರೆ 58 ವ್ಯಾಟು, ಹಳೆಯ ಸೀಲಿಂಗ್ ಫ್ಯಾನಿಗಿಂತ ಕಡಿಮೆ. ಇನ್ವರ್ಟರಿಗೆ ಅದು ಹೊರೆಯೇ ಅಲ್ಲ, ಆದರೆ ಅನೇಕ ಫ್ಲ್ಯಾಟುಗಳಲ್ಲಿ ಅದರ ವೈರಿಂಗು ದೀಪ, ಫ್ಯಾನುಗಳಿಗಷ್ಟೇ ಇರುತ್ತದೆ. ಇಲೆಕ್ಟ್ರಿಷಿಯನ್ ಬಂದು ಕುರ್ಚಿಯ ಹಿಂದಿನ ಸಾಕೆಟ್ಟನ್ನು ಆ ಸಾಲಿಗೆ ಸೇರಿಸಿದ. ಕೆಲವು ಅಡಾಪ್ಟರುಗಳಲ್ಲಿ 9 ವೋಲ್ಟಿನ ಎರಡು ಬ್ಯಾಟರಿಗಳಿಗೆ ಜಾಗವಿರುತ್ತದೆ. ಕುರ್ಚಿಯನ್ನು ಒಮ್ಮೆ ಮೊದಲ ಸ್ಥಿತಿಗೆ ತರುವಷ್ಟು ಬಲ ಅವುಗಳಲ್ಲಿ. ನಮ್ಮದರಲ್ಲೂ ಇತ್ತು, ಖಾಲಿಯಾಗಿ. ಈಗ ತುಂಬಿದ್ದೇವೆ, ಹಳಸಿದವು ಸೋರಿ ಕೆಡಿಸುತ್ತವೆಂದು ಪ್ರತಿ ಯುಗಾದಿಗೆ ಬದಲಿಸುತ್ತೇವೆ.

ಕುರ್ಚಿಯ ಬೆನ್ನಿಗೆ ಮರಾಠಿಯಲ್ಲಿ ಬರೆದ ಒಂದು ಚೀಟಿ ಅಂಟಿಸಿದ್ದೇವೆ. ಮಾವಶಿಗಾಗಿ ಅದರಲ್ಲಿ ಮೂರೇ ಸಾಲು: ಇನ್ವರ್ಟರ್ ಸ್ವಿಚ್ಚು ಎಲ್ಲಿದೆ, ಕಾಲ್ಮಣೆಯ ಮೇಲೆ ಯಾರೂ ಭಾರ ಹಾಕಕೂಡದು, ಎದುರು ಮನೆಯವರ ಫೋನ್ ನಂಬರು. ಅದರಲ್ಲಿ ಏನಿದೆಯೆಂದು ಅವ್ವ ಓದಿಸಿ ಕೇಳಿದರು. ಕನ್ನಡದಾಗೂ ಒಂದು ಬರೀರಿ, ಕುಂತಾಕಿ ನಾನಲ್ಲೇನು, ಎಂದರು. ಅದನ್ನೂ ಬರೆದು ಅವರ ಕೈಗೆ ಸಿಗುವಂತೆ ರಿಮೋಟಿನ ಚೀಲದಲ್ಲಿ ಇಟ್ಟಿದ್ದೇವೆ.