ನೀರು ಒಗ್ಗದ ಮೀನುಗಳು

ಊರು ಬಿಟ್ಟು ಊರಿಗೆ ಹೋದವರು ಹಾಸಿಗೆ ಹಿಡಿದರೆ ನಮ್ಮ ಕಡೆಯ ಹಿರಿಯರು ಮೊದಲು ಹೇಳುವ ಮಾತು ಒಂದೇ: ‘ನೀರು ಒಗ್ಗಲಿಲ್ಲ.’ ವರ್ಗಾವಣೆಯ ನೌಕರಿಯಲ್ಲಿರುವ ನಾವು ಆ ಮಾತನ್ನು ಎಷ್ಟೋ ಬಾರಿ ಕೇಳಿದ್ದೇವೆ, ಕೇಳಿ ನಕ್ಕಿದ್ದೇವೆ. ಅದರೊಳಗಿನ ವಿವೇಕ ನಮಗೆ ಅರಿವಾದದ್ದು ಚೆನ್ನೈಗೆ ಬಂದ ಮೇಲೆ, 60 ಲೀಟರಿನ ಒಂದು ಗಾಜಿನ ತೊಟ್ಟಿಯ ಮುಂದೆ.

ಆ ತೊಟ್ಟಿ ಮಗಳಿಗಾಗಿ ತಂದದ್ದು. ಹೊಸ ಶಾಲೆ, ತಿಳಿಯದ ಭಾಷೆ, ಗೆಳತಿಯರಿಲ್ಲದ ಸಂಜೆಗಳು. ಆರು ಗಪ್ಪಿ ಮೀನುಗಳಿಗೆ ಅವಳು ಹೆಸರಿಟ್ಟು ಕನ್ನಡದಲ್ಲಿ ಮಾತನಾಡಿಸುತ್ತಿದ್ದಳು. ಐದು ತಿಂಗಳು ಎಲ್ಲವೂ ಸುಖವಾಗಿಯೇ ನಡೆಯಿತು. ನವೆಂಬರಿನ ಒಂದು ಭಾನುವಾರ, ಹಿಂಗಾರು ಮಳೆ ಬಿಡುವು ಕೊಟ್ಟಿದ್ದ ಹೊತ್ತಿನಲ್ಲಿ, ಕೊಳತ್ತೂರಿಗೆ ಹೋಗಿ ಮೂರು ಕಪ್ಪು ಮೋಲಿಗಳನ್ನು ತಂದೆವು. ಚೆನ್ನೈನ ಕೊಳತ್ತೂರು ಅಲಂಕಾರಿಕ ಮೀನುಗಳ ಪೇಟೆಯೆಂದೇ ಹೆಸರಾದ ಜಾಗ. ಸಾಲುಸಾಲು ಅಂಗಡಿಗಳಲ್ಲಿ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳೊಳಗೆ ಬಣ್ಣಗಳು ಈಜಾಡುತ್ತಿರುತ್ತವೆ. ತಂದ ಮೀನುಗಳನ್ನು ನಾವು ಆ ಸಂಜೆಯೇ ಹಳೆಯವುಗಳ ಜೊತೆಗೆ ಬಿಟ್ಟೆವು. ಅದು ನಮ್ಮ ಮೊದಲನೆಯ ತಪ್ಪು.

ಎರಡನೆಯದು ಮಂಗಳವಾರ ನಡೆಯಿತು. ‘ಅಮ್ಮಾ, ಕರಿ ಮೀನು ಕಲ್ಲಿಗೆ ಮೈ ಉಜ್ಜಿಕೊಳ್ತಿದೆ,’ ಎಂದಳು ಮಗಳು. ನಾವಿಬ್ಬರೂ ಕೂತಲ್ಲಿಂದಲೇ ನೋಡಿದೆವು. ಮೀನು ಥಟ್ಟನೆ ಓರೆಯಾಗಿ, ಬೆಣಚುಕಲ್ಲಿಗೆ ಪಕ್ಕೆ ತಾಗಿಸಿ, ಮಿಂಚಿನಂತೆ ಮೇಲಕ್ಕೆ ಹಾರುತ್ತಿತ್ತು. ನೋಡಲು ಚೆಂದವಾಗಿತ್ತು. ‘ಆಟ ಆಡ್ತಿದೆ ಬಿಡು ಮಗಳೇ,’ ಎಂದೆವು. ಅದು ಆಟವಾಗಿರಲಿಲ್ಲ, ತುರಿಕೆಯಾಗಿತ್ತು. ಕೈಗಳಿಲ್ಲದ ಜೀವ ಮೈ ಕೆರೆದುಕೊಳ್ಳಲು ಕಲ್ಲನ್ನು ಹುಡುಕುತ್ತಿತ್ತು.

ಶುಕ್ರವಾರದ ಹೊತ್ತಿಗೆ ಮೋಲಿಗಳ ಕಪ್ಪು ಮೈಮೇಲೆ ಸಣ್ಣ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಎದ್ದಿದ್ದವು. ಗಪ್ಪಿಗಳು ರೆಕ್ಕೆಗಳನ್ನು ಮೈಗೆ ಮುದುರಿಕೊಂಡು ಮೂಲೆ ಹಿಡಿದಿದ್ದವು. ಹಾಕಿದ ಆಹಾರ ತಳ ಸೇರುತ್ತಿತ್ತು. ಆಗ ನಾವು ಗಾಬರಿಯಾದವರೆಲ್ಲ ಮಾಡುವುದನ್ನೇ ಮಾಡಿದೆವು. ಶನಿವಾರ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಕಲ್ಲುಗಳನ್ನು ತಿಕ್ಕಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದು, ಹೊಸ ನೀರು ತುಂಬಿ, ಮೆಥಿಲೀನ್ ಬ್ಲೂ ಹನಿಗಳನ್ನು ಹೇಳಿದ್ದಕ್ಕಿಂತ ದುಪ್ಪಟ್ಟು ಸುರಿದೆವು. ಭಾನುವಾರ ಬೆಳಿಗ್ಗೆ ನೀಲಿ ನೀರಿನಲ್ಲಿ ಎರಡು ಗಪ್ಪಿಗಳು ಸತ್ತು ತೇಲುತ್ತಿದ್ದವು. ಉಳಿದವು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಏದುಸಿರು ಬಿಡುತ್ತಿದ್ದವು.

ಕೊಳತ್ತೂರಿನ ಅಂಗಡಿಯ ಹಿರಿಯರು ನಮ್ಮ ಕಥೆಯನ್ನೆಲ್ಲ ಕೇಳಿದರು. ಯಾವ ಔಷಧಿ ಹಾಕಿದಿರಿ ಎಂದು ಅವರು ಮೊದಲು ಕೇಳಲಿಲ್ಲ. ‘ಸ್ಪಂಜು ಯಾವ ನೀರಿನಲ್ಲಿ ತೊಳೆದಿರಿ ಸಾರ್?’ ಎಂದು ತಮಿಳಿನಲ್ಲಿ ಕೇಳಿದರು. ನಲ್ಲಿ ನೀರು ಎಂದೊಡನೆ ತಲೆಯಾಡಿಸಿದರು. ಮೀನಿನ ಕಾಯಿಲೆಗಿಂತ ಮೊದಲು ನೀರಿನ ಕಾಯಿಲೆ ನೋಡಬೇಕು ಎಂಬುದು ಅವರ ಮಾತಿನ ಸಾರ. ನಮ್ಮ ಹಿರಿಯರ ‘ನೀರು ಒಗ್ಗಲಿಲ್ಲ’ ಅಲ್ಲಿ ತಮಿಳಿನಲ್ಲಿ ಕೇಳಿಸಿದಂತಾಯಿತು.

ಮೀನಿನ ಕಿವಿರುಗಳಿಂದ ಹೊರಬೀಳುವ ತ್ಯಾಜ್ಯ ಮುಖ್ಯವಾಗಿ ಅಮೋನಿಯಾ. ಅದು ವಿಷ. ಸ್ಪಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಸಂಸಾರ ನೆಲೆಗೊಳ್ಳಲು ನಾಲ್ಕಾರು ವಾರಗಳೇ ಬೇಕು. ನಾವು ಕೊಳೆಯೆಂದು ತೊಳೆದದ್ದು ಆ ಸಂಸಾರವನ್ನೇ. ಅಳಿದುಳಿದದ್ದಕ್ಕೆ ಕ್ಲೋರಿನ್ನೂ ದುಪ್ಪಟ್ಟು ಔಷಧಿಯೂ ಸೇರಿ ಮುಕ್ತಾಯ ಹಾಡಿದ್ದವು. ನಮ್ಮ ಮೀನುಗಳು ಒಂದು ರೋಗದಿಂದ ನರಳುತ್ತಿದ್ದವು. ಆರೈಕೆಯ ಹೆಸರಿನಲ್ಲಿ ನಾವು ಇನ್ನೊಂದನ್ನು ಕೊಟ್ಟಿದ್ದೆವು.

ಬಿಳಿಚುಕ್ಕೆ ರೋಗವನ್ನು ತರುವ ಏಕಕೋಶ ಜೀವಿಯ ಶಾಸ್ತ್ರೀಯ ಹೆಸರು ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಸ್. 1876ರಲ್ಲಿ ಇಟ್ಟ ಹೆಸರು. ಬಹುಸಂತಾನದ ಮೀನುಹೇನು ಎಂದು ಅರ್ಥ. ಹೆಸರಿನಲ್ಲಿಯೇ ಅದರ ಚರಿತ್ರೆಯಿದೆ. ಚುಕ್ಕೆಯಾಗಿ ಕಾಣುವಾಗ ಅದು ಮೀನಿನ ಚರ್ಮದ ಕೆಳಗೆ ಹುದುಗಿರುತ್ತದೆ, ಅಲ್ಲಿಗೆ ಔಷಧಿ ತಲುಪದು. ಬಲಿತ ಮೇಲೆ ಕಳಚಿ ತಳಕ್ಕೆ ಇಳಿದು, ಕೋಶ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಒಂದೆರಡು ದಿನಗಳೊಳಗೆ ಇನ್ನೊಂದು ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಔಷಧಿಗೆ ಅವು ಸಿಕ್ಕುವುದು ಹಾಗೆ ಈಜಾಡುವಾಗ ಮಾತ್ರ. ಹಾಗಾಗಿ ಚುಕ್ಕೆ ಮಾಯವಾಯಿತೆಂದು ಚಿಕಿತ್ಸೆ ನಿಲ್ಲಿಸಿದವರ ತೊಟ್ಟಿಗೆ ರೋಗ ಮರಳಿ ಬರುತ್ತದೆ.

ಹಿರಿಯರು ಹೊಸ ಔಷಧಿ ಮಾರಲಿಲ್ಲ. ಒಂದು ಹೀಟರ್ ಕೊಟ್ಟರು, ಹಳೆಯ ತೊಟ್ಟಿಯೊಂದರಿಂದ ಪಾಚಿಗಟ್ಟಿದ ಸ್ಪಂಜಿನ ತುಂಡೊಂದನ್ನು ಚೀಲದಲ್ಲಿ ಹಾಕಿಕೊಟ್ಟರು. ಮನೆಗೆ ಬಂದು, ಹಿಂದಿನ ದಿನ ಬಕೆಟ್ಟಿನಲ್ಲಿ ಹಿಡಿದಿಟ್ಟಿದ್ದ ನೀರಿನಿಂದ ತೊಟ್ಟಿಯ ಅರ್ಧ ನೀರು ಬದಲಾಯಿಸಿದೆವು. ನೀರಿನ ಬಿಸಿಯನ್ನು ಎರಡು ದಿನಗಳಲ್ಲಿ ನಿಧಾನವಾಗಿ 30 ಡಿಗ್ರಿಗೆ ಏರಿಸಿದೆವು. ಬೆಚ್ಚಗಿನ ನೀರಿನಲ್ಲಿ ಆ ಜೀವಿಯ ಸುತ್ತು ಬೇಗ ಮುಗಿಯುತ್ತದೆ. ಬಿಸಿ ಏರಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಗಾಳಿಯ ಪಂಪನ್ನು ಹಗಲಿರುಳೂ ಓಡಿಸಿದೆವು. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪನ್ನು ಕರಗಿಸಿ ಕಂತುಗಳಲ್ಲಿ ಹಾಕಿದೆವು. ಗಪ್ಪಿ, ಮೋಲಿಗಳು ಉಪ್ಪನ್ನು ತಾಳಿಕೊಳ್ಳುತ್ತವೆ. ಎಲ್ಲ ಮೀನುಗಳೂ ತಾಳುವುದಿಲ್ಲ ಎಂದು ಅವರು ಎಚ್ಚರಿಸಿದ್ದರು. ಪ್ರತಿದಿನ ತಳದ ಕಸವನ್ನು ಕೊಳವೆಯಿಂದ ಹೀರಿ ತೆಗೆದು, ತೆಗೆದಷ್ಟೇ ನೀರನ್ನು ಉಪ್ಪು ಬೆರೆಸಿ ತುಂಬಿದೆವು.

ಬುಧವಾರದೊಳಗೆ ಇನ್ನೆರಡು ಸತ್ತವು. ಅವುಗಳಲ್ಲಿ ಒಂದು ಮಗಳು ಮಂಗಳವಾರ ತೋರಿಸಿದ್ದ ಮೋಲಿ. ಕ್ವಾರ್ಟರ್ಸಿನ ಹಿಂದಿನ ಬೇವಿನ ಮರದ ಬುಡದಲ್ಲಿ ಗುಂಡಿ ತೋಡುವಾಗ ಅವಳು ಅಳಲಿಲ್ಲ. ‘ನಾನು ಅವತ್ತೇ ಹೇಳಿದ್ದೆ,’ ಎಂದಳು ಅಷ್ಟೆ. ನಮ್ಮಲ್ಲಿ ಉತ್ತರವಿರಲಿಲ್ಲ. ಹತ್ತನೆಯ ದಿನಕ್ಕೆ ಚುಕ್ಕೆಗಳು ಅಳಿದವು. ಆಮೇಲೂ ಒಂದು ವಾರ ಬಿಸಿಯನ್ನೂ ಉಪ್ಪನ್ನೂ ಮುಂದುವರಿಸಿದೆವು. ಒಂಬತ್ತರಲ್ಲಿ ಐದು ಉಳಿದವು.

ಈಗ ಹೊಸ ಮೀನು ತಂದರೆ ಅದು ಮೊದಲ ಮೂರು ವಾರ ಬೇರೆ ತೊಟ್ಟಿಯಲ್ಲಿರುತ್ತದೆ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಒಮ್ಮೆ ಅದ್ದಿ ಹಿಂಡುತ್ತೇವೆ, ಅಷ್ಟೇ. ಮಗಳು ಒಂದು ನೋಟುಬುಕ್ಕು ಇಟ್ಟಿದ್ದಾಳೆ. ತಿಂದವೇ, ರೆಕ್ಕೆ ಬಿಚ್ಚಿವೆಯೇ, ಮೈ ಉಜ್ಜಿಕೊಂಡವೇ, ಮೇಲೆ ಬಂದು ಉಸಿರಾಡಿದವೇ ಎಂದು ದಿನವೂ ಬರೆಯುತ್ತಾಳೆ. ಹುರುಪೆಗಳು ಅನಾನಸಿನ ಮೈಯಂತೆ ನಿಗುರಿದರೆ ಹೊಟ್ಟೆಯೊಳಗೆ ನೀರು ತುಂಬಿದೆಯೆಂದೂ, ಆ ಹಂತಕ್ಕೆ ಬಂದ ಮೀನು ಬದುಕುವುದು ಅಪರೂಪವೆಂದೂ ಅವಳಿಗೀಗ ಗೊತ್ತು. ಸಂಜೆ ಕಚೇರಿಯಿಂದ ಬಂದು ಕೂತಾಗ ಅವಳು ‘ಇಲ್ಲಿ ಬನ್ನಿ’ ಎಂದರೆ, ನಾವು ಕೂತಲ್ಲಿಂದ ಉತ್ತರಿಸುವುದಿಲ್ಲ. ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತು ನೋಡುತ್ತೇವೆ.