ಕಲೆಗೂ ಕೂಲಿ ಇದೆ

“ನಿನ್ನ ಕೈಯಲ್ಲಿ ಕಲೆ ಇದೆ” ಎಂದು ಹೊಗಳುವವರು ಬಹಳ. ಆ ಕೈಗೆ ಕೂಲಿ ಕೊಡಬೇಕೆಂಬುದು ನೆನಪಾಗುವುದು ಕೆಲವರಿಗೆ ಮಾತ್ರ. ಹೊಲಿಗೆಯವರಲ್ಲಿ ರವಿಕೆಯನ್ನು ಪುಕ್ಕಟೆ ಹೊಲಿದು ಕೊಡಿ ಎಂದು ಯಾರೂ ಕೇಳುವುದಿಲ್ಲ. ಆದರೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದೇ ಕಸುಬಾದ ನನಗೆ, “ನಿನಗೇನು, ಅರ್ಧ ಗಂಟೆಯ ಕೆಲಸ” ಎನ್ನುತ್ತಾರೆ. ಆ ಅರ್ಧ ಗಂಟೆಯ ಹಿಂದಿರುವ ಹತ್ತು ವರ್ಷಗಳ ಅಭ್ಯಾಸ ಅವರಿಗೆ ಕಾಣುವುದಿಲ್ಲ.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕೊಡುವುದನ್ನು ಕಲಿಸುತ್ತಾರೆ, ಕೇಳುವುದನ್ನು ಕಲಿಸುವುದಿಲ್ಲ. ಹಾಗಾಗಿ ಬೆಲೆ ಹೇಳುವಾಗ ನಾಲಿಗೆ ತಡವರಿಸುತ್ತದೆ. ಧೈರ್ಯ ಬಂದ ಮೇಲೆ ಕೇಳೋಣ ಎಂದು ಕಾದರೆ ಅದು ಬರುವುದೇ ಇಲ್ಲ. ಕೇಳುತ್ತಾ ಹೋದಂತೆ ಧೈರ್ಯ ಬರುತ್ತದೆ.

ಒಮ್ಮೆ ಒಬ್ಬ ಪ್ರಕಾಶಕರು ನನ್ನ ಚಿತ್ರಗಳಿದ್ದ ಪುಸ್ತಕವನ್ನು ನನ್ನ ಹೆಸರೇ ಇಲ್ಲದೆ ಮುದ್ರಿಸಿದರು. ಕೇಳಿದರೆ ಮುಂದಿನ ಕೆಲಸ ಕೈತಪ್ಪುತ್ತದೆ ಎಂದು ಮನೆಯವರೂ ಹೆದರಿಸಿದರು. ನಾನು ಸಿಟ್ಟು ತೋರಿಸದೆ ಒಂದು ಪತ್ರ ಬರೆದೆ. ಮರುಮುದ್ರಣದಲ್ಲಿ ಹೆಸರು ಬಂತು. ಅಷ್ಟೇ ಅಲ್ಲ, ಅವರಿಂದ ಕೆಲಸ ಈಗಲೂ ಬರುತ್ತಿದೆ. ಮರ್ಯಾದೆಯಿಂದ ಕೇಳಿದ ಮಾತಿನಿಂದ ಸಂಬಂಧ ಕೆಡಲಿಲ್ಲ, ಗಟ್ಟಿಯಾಯಿತು.

1957ರ ಕೃತಿಸ್ವಾಮ್ಯ ಕಾಯ್ದೆಯ ಎರಡು ಮಾತುಗಳು ಪ್ರತಿ ಕಲಾವಿದೆಗೂ ತಿಳಿದಿರಲಿ. ಕಲಂ 17ರ ಪ್ರಕಾರ, ಹಣ ಕೊಟ್ಟು ಬರೆಸಿದ ಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದೇ ಆಗುತ್ತದೆ. ಆದ್ದರಿಂದ ಕುಂಚ ಹಿಡಿಯುವ ಮೊದಲೇ ಎಷ್ಟು ಚಿತ್ರ, ಎಷ್ಟು ಹಣ, ಎಷ್ಟು ಸಲ ತಿದ್ದುವುದು, ಹಕ್ಕು ಯಾರದು ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ಹಕ್ಕು ಬೇರೆಯವರ ಪಾಲಾದರೂ ‘ಇದು ನಾನು ಬರೆದದ್ದು’ ಎಂದು ಹೇಳಿಕೊಳ್ಳುವ ಅಧಿಕಾರ ಕಲಂ 57ರಂತೆ ಕಲಾವಿದೆಯಲ್ಲೇ ಉಳಿಯುತ್ತದೆ.

ಕಾಗದಪತ್ರದಷ್ಟೇ ಮುಖ್ಯವಾದದ್ದು ಜೊತೆಗಾರರು. 1937ರಲ್ಲಿ ಅಲಿಘಡದಲ್ಲಿ ಹುಟ್ಟಿದ ಝರೀನಾ ಹಾಶ್ಮಿ ಓದಿದ್ದು ಗಣಿತ, ಹೆಸರಾದದ್ದು ಮುದ್ರಣ ಕಲೆಯಲ್ಲಿ. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಅವರು 1980ರಲ್ಲಿ ಆನಾ ಮೆಂಡಿಯೆಟಾ, ಕಝುಕೋ ಮಿಯಾಮೋಟೋ ಎಂಬ ಇಬ್ಬರು ಕಲಾವಿದೆಯರೊಂದಿಗೆ ಸೇರಿ, ಅಲ್ಲಿ ಕಡೆಗಣಿಸಲ್ಪಟ್ಟ ಮಹಿಳೆಯರ ಕೃತಿಗಳ ಪ್ರದರ್ಶನವನ್ನು ರೂಪಿಸಿದರು. ಇತರರಿಗೂ ಗೋಡೆಯಲ್ಲಿ ಜಾಗ ಮಾಡಿಕೊಟ್ಟ ಈ ಮಹಿಳೆಯ ಕೃತಿಗಳು 2011ರಲ್ಲಿ ವೆನಿಸ್ ಬಿನಾಲೆಯ ಭಾರತದ ಮಂಟಪದಲ್ಲಿದ್ದವು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು.

ನಮಗೆ ವೆನಿಸ್ ದೂರ, ಬೆಂಗಳೂರು ಹತ್ತಿರ. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ರಸ್ತೆಬದಿಯಲ್ಲೇ ನಿಂತು ಜನರಿಗೆ ನೇರವಾಗಿ ಮಾರುತ್ತಾರೆ. ಅಪರಿಚಿತರ ಎದುರು ಹತ್ತು ಸಲ ಬೆಲೆ ಹೇಳಿದರೆ ಹನ್ನೊಂದನೆಯ ಸಲ ಧ್ವನಿ ನಡುಗದು. ಪಕ್ಕದಲ್ಲಿ ನಿಂತವರ ಪರಿಚಯವೂ ಆಗುತ್ತದೆ. ನನಗೆ ಒಳ್ಳೆಯ ಮುದ್ರಕರ ವಿಳಾಸ ಸಿಕ್ಕಿದ್ದೂ, ನಾನು ಮಾಡಲಾಗದ ಕೆಲಸವನ್ನು ಇನ್ನೊಬ್ಬಳಿಗೆ ದಾಟಿಸಿದ್ದೂ ಇಂತಹ ಪರಿಚಯಗಳಿಂದಲೇ.

ಸಹೋದರಿಯರೇ, ಹೇಳಿದ ದಿನಕ್ಕೆ ಕೆಲಸ ಮುಗಿಸಿ ಕೊಡಿ. ಮಾಡಲಾಗದ್ದನ್ನು ಆಗದು ಎಂದು ಮೊದಲೇ ಹೇಳಿ. ಉಡುಗೊರೆ ಕೊಡುವ ಮನಸ್ಸಿದ್ದರೆ ಉಡುಗೊರೆಯೆಂದೇ ಕೊಡಿ. ಕೆಲಸವಾದರೆ ಕೂಲಿ ಕೇಳಿ. ದುಡಿದವಳು ತನ್ನ ದುಡಿಮೆಯ ಬೆಲೆ ಹೇಳಿಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.