ಅಳಿಸಿದ್ದೂ ಉಳಿಯುವ ಪುಟ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥದ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬಂದರು. ಅವರ ಸ್ವಾಗತಕ್ಕೆ ಎದ್ದ ಕಮಾನೊಂದರ ಮೇಲೆ ಮೊದಲು ಇದ್ದದ್ದು ಉರಿಗೌಡ, ನಂಜೇಗೌಡ ಎಂಬ ಹೆಸರು. ಟಿಪ್ಪುವನ್ನು ಕೊಂದವರು ಬ್ರಿಟಿಷರಲ್ಲ, ಈ ಸೀಮೆಯ ಈ ಇಬ್ಬರು ಗೌಡರು ಎಂಬ ಮಾತು ಆಗ ಊರೆಲ್ಲ ಓಡಾಡುತ್ತಿತ್ತು. ಟೀಕೆ ಬಂತು, ಹೆಸರು ಹೋಯಿತು, ಅದೇ ಜಾಗಕ್ಕೆ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಬಂತು. ಆಗ ಹೈಸ್ಕೂಲಿನಲ್ಲಿದ್ದು ಈಗ ಕಾಲೇಜು ಮೆಟ್ಟಿಲು ಹತ್ತಿರುವ ಹುಡುಗರು ಕೇಳುವುದು ಸರಳ ಪ್ರಶ್ನೆ: ಮೊದಲು ಬರೆಸಿದವರು ಯಾರು, ತೆಗೆಸಿದವರು ಯಾರು, ಏನು ಕಾರಣ ಹೇಳಿ ತೆಗೆಸಿದರು? ಕಮಾನಿನಲ್ಲಿ ಇದಕ್ಕೆ ಉತ್ತರವಿಲ್ಲ. ಬಟ್ಟೆ ಬದಲಾದರೆ ಹಳೆಯದರ ಗುರುತೂ ಹೋಯಿತು. ಇದೇ ತಿದ್ದುಪಡಿ ಕನ್ನಡ ವಿಕಿಪೀಡಿಯದ ಪುಟವೊಂದರ ಮೇಲೆ ನಡೆದಿದ್ದರೆ, ಪುಟದ ನೆತ್ತಿಯ ಮೇಲಿನ ‘ಇತಿಹಾಸ’ ಎಂಬುದನ್ನು ಒತ್ತಿದರೆ ಸಾಕಿತ್ತು. ಯಾವ ದಿನ, ಎಷ್ಟು ಗಂಟೆಗೆ, ಯಾವ ಖಾತೆಯಿಂದ, ಯಾವ ಪದ ಹೋಗಿ ಯಾವುದು ಬಂತು ಎಂಬುದೆಲ್ಲ ಒಂದರ ಕೆಳಗೊಂದು ನಿಂತಿರುತ್ತಿತ್ತು. ಜಗಳ ಬಿಡಿಸುವ ಈ ಹೊಸ ರೀತಿ ನಮ್ಮ ಕಣ್ಣೆದುರೇ ಹುಟ್ಟಿತು, ಕೆಲಕಾಲ ಚೆನ್ನಾಗಿಯೇ ನಡೆಯಿತು, ಈಗ ಕನ್ನಡದಲ್ಲಿ ಹೆಚ್ಚುಕಡಿಮೆ ಪಾಳು ಬೀಳುತ್ತಿದೆ. ಪಾಳು ಬೀಳುತ್ತಿರುವುದು ಜಗಳ ಹೆಚ್ಚಾಗಿ ಅಲ್ಲ, ಅಲ್ಲಿ ಜಗಳವಾಡುವವರೇ ಇಲ್ಲದೆ.

ಇದಕ್ಕೂ ಮೊದಲು ಮಾತಿನ ವ್ಯಾಜ್ಯ ಹೇಗೆ ತೀರುತ್ತಿತ್ತು ಎಂಬುದನ್ನು ಈಗ ಹೇಳಿಯೇ ತಿಳಿಸಬೇಕು. ಊರಿನ ವಿಷಯವಾದರೆ ಅರಳಿಕಟ್ಟೆ. ಪದದ ವಿಷಯವಾದರೆ ಜಿ. ವೆಂಕಟಸುಬ್ಬಯ್ಯ. ಶ್ರೀರಂಗಪಟ್ಟಣದ ಗಂಜಾಂ ಮೂಲದ, ಮಂಡ್ಯದ ಹೈಸ್ಕೂಲಿನಲ್ಲೂ ಕೆಲಕಾಲ ಪಾಠ ಹೇಳಿದ ಈ ಮೇಷ್ಟ್ರು 1991ರಲ್ಲಿ ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಶುರುಮಾಡಿದ ಮೇಲೆ, ಆಫೀಸಿನಲ್ಲಿ, ಸ್ಟಾಫ್‌ರೂಮಿನಲ್ಲಿ ಎದ್ದ ಪದಗಳ ತಕರಾರೆಲ್ಲ ಕಾರ್ಡಿನ ಮೇಲೆ ಹತ್ತಿ ಅವರ ಬಾಗಿಲಿಗೆ ಹೋಗುತ್ತಿತ್ತು. ಪತ್ರಿಕೆಯಲ್ಲಿ ಉತ್ತರ ಬಂದರೆ ಸೋತವನು ಸುಮ್ಮನಾಗುತ್ತಿದ್ದ. ಅವರ ಮಾತು ನಡೆದದ್ದು ಅವರ ಹೆಸರಿನ ತೂಕದಿಂದ ಎಂದು ಹಲವರ ನಂಬಿಕೆ. ಅವರು ಸಂಪಾದಕರಾಗಿ ದುಡಿದ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಬಿಡಿಸಿ ನೋಡಿದವರಿಗೆ ಬೇರೆಯೇ ಕಾಣುತ್ತದೆ. ಅಲ್ಲಿ ಪದ, ಪದಕ್ಕೆ ಅರ್ಥ, ಅರ್ಥದ ಬೆನ್ನಿಗೇ ಒಂದು ಪ್ರಯೋಗ, ಪ್ರಯೋಗದ ಪಕ್ಕದಲ್ಲಿ ಅದು ಯಾವ ಕಾವ್ಯದ್ದು, ಯಾವ ಶಾಸನದ್ದು ಎಂಬ ಪುಟ್ಟ ಸಂಕೇತ. ಸಂಪಾದಕರು ಎಷ್ಟೇ ದೊಡ್ಡ ವಿದ್ವಾಂಸರಾಗಲಿ, ‘ನಾನು ಹೇಳುತ್ತೇನೆ, ನಂಬಿ’ ಎಂಬ ಸಾಲಿಗೆ ಆ ಕೋಶದಲ್ಲಿ ಜಾಗವಿಲ್ಲ. ಬೇಕಾದವರು ಮೂಲ ತೆಗೆದು ತಾಳೆ ನೋಡಬಹುದು, ಬೇಕಿದ್ದರೆ ಸಂಪಾದಕರ ಅರ್ಥವನ್ನೇ ತಪ್ಪೆನ್ನಬಹುದು. ವಿಕಿಪೀಡಿಯದವರು ‘ಉಲ್ಲೇಖ ಕೊಡಿ’ ಎಂದು ಕಾಡಿದಾಗ ಅದೇನೋ ಅಮೆರಿಕದ ಹೊಸ ಶಿಸ್ತು ಎಂದು ಮುನಿಸಿಕೊಂಡವರುಂಟು. ಆ ಶಿಸ್ತು ಅಷ್ಟರಲ್ಲಾಗಲೇ ನಮ್ಮ ನಿಘಂಟಿನಲ್ಲಿ ಮನೆಮಾಡಿತ್ತು. 2021ರ ಏಪ್ರಿಲ್‌ನಲ್ಲಿ 107 ತುಂಬಿದ ಮೇಷ್ಟ್ರು ಹೋದಾಗ ‘ನಡೆದಾಡುವ ನಿಘಂಟು’ ಎಂದು ಎಲ್ಲರೂ ಬರೆದರು. ನಿಘಂಟು ನಡೆದಾಡುವುದಕ್ಕಿಂತ ಅದು ಮೂಲ ತೋರಿಸುತ್ತಿದ್ದದ್ದು ದೊಡ್ಡದು ಎಂಬುದನ್ನು ಬರೆದವರು ಕಡಿಮೆ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಫಾಂಟು ಒಡೆದು ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತಿದ್ದ ಆ ದಿನಗಳಲ್ಲಿ ಕೂಡಿದ ಬೆರಳೆಣಿಕೆಯ ಜನ ತಮ್ಮ ಸಾರ್ವಜನಿಕ ಚರ್ಚೆಯ ಪುಟಕ್ಕೆ ಇಟ್ಟ ಹೆಸರು ‘ಅರಳಿ ಕಟ್ಟೆ’. ಹೆಸರಿಟ್ಟವರ ಕಿವಿ ಚೆನ್ನಾಗಿತ್ತು. ಆದರೆ ಹಳೆಯ ಕಟ್ಟೆಯನ್ನು ನೆನೆದು ಕರಗುವವರು ಒಂದನ್ನು ಮರೆಯಬಾರದು. ಮದ್ದೂರು, ಮಳವಳ್ಳಿ ಸೀಮೆಯ ಕಟ್ಟೆಗಳ ಮೇಲೆ ಎಲ್ಲರೂ ಕೂರುತ್ತಿರಲಿಲ್ಲ. ಹೆಂಗಸರು ದೂರ, ಹೊಲೆಮಾದಿಗರ ಕೇರಿಯವರು ಕೆಳಗೆ ಕೈಕಟ್ಟಿ. ನ್ಯಾಯ ಬೇಗ ತೀರುತ್ತಿದ್ದುದಕ್ಕೆ ಎದುರಾಡುವವರಿಗೆ ಅಲ್ಲಿ ಜಾಗವೇ ಇಲ್ಲದ್ದೂ ಒಂದು ಕಾರಣ. ಹೊಸ ಕಟ್ಟೆಯ ಕಟ್ಟಳೆ ಬೇರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ರದ್ದು ಮಾಡಬಹುದು. ಮಾಡಿದವರು ಕಾರಣ ಬರೆಯಬೇಕು. ಮತ್ತೆ ರದ್ದಾದರೆ ಲೇಖನ ಬಿಟ್ಟು ಅದರ ಬೆನ್ನಿಗಿರುವ ‘ಚರ್ಚೆ’ ಪುಟಕ್ಕೆ ಬರಬೇಕು. ಇಂಗ್ಲಿಷಿನಲ್ಲಂತೂ ಒಂದೇ ದಿನದೊಳಗೆ ಮೂರಕ್ಕಿಂತ ಹೆಚ್ಚು ಸಲ ರದ್ದು ಮಾಡಿದವರ ಕೈ ಕಟ್ಟುತ್ತಾರೆ, ಅವರು ಹೇಳುತ್ತಿದ್ದದ್ದು ನಿಜವೇ ಆಗಿದ್ದರೂ. ಇಬ್ಬರೂ ಪಟ್ಟು ಬಿಡದಿದ್ದರೆ ಮೂರನೆಯವರನ್ನು ಕರೆಯುವುದು, ಅದೂ ಆಗದಿದ್ದರೆ ನಿರ್ವಾಹಕರು ಪುಟಕ್ಕೆ ಬೀಗ ಹಾಕುವುದು. ಬೀಗ ಬೀಳುವುದು ಯಾವಾಗಲೂ ತಪ್ಪು ಆವೃತ್ತಿಯ ಮೇಲೇ ಎಂಬುದು ಆ ವಲಯದ ಹಳೆಯ ತಮಾಷೆ. ಇಷ್ಟೆಲ್ಲ ಇದ್ದರೂ ಯಾವುದು ಸತ್ಯ ಎಂದು ತೀರ್ಪು ಕೊಡುವ ಅಧಿಕಾರ ನಿರ್ವಾಹಕರಿಗಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2004ರಿಂದ ಇರುವ ಪಂಚಾಯಿತಿ ಮಂಡಳಿ ಕೂಡ ನೋಡುವುದು ಜಗಳವಾಡಿದವರ ನಡತೆಯನ್ನೇ. ಸತ್ಯ ಯಾವುದು ಎಂಬುದನ್ನು ಮೂಲಗಳೇ ಹೊಡೆದಾಡಿಕೊಂಡು ತೀರಿಸಬೇಕು.

ಇದು ಹೇಗೆ ಫಲ ಕೊಡುತ್ತದೆ ಎಂಬುದಕ್ಕೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವೇ ಸಾಕು. ‘ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ’ ಎಂಬ ಸಾಲನ್ನು ಈ ಭಾಗದ ತಲೆಮಾರುಗಳು ಬಾಯಿಪಾಠ ಮಾಡಿವೆ. ತೆಗೆಯುತ್ತೇನೆ ಎಂದವನ ಮೇಲೆ ಜಿಲ್ಲೆಯೇ ಎದ್ದು ಬಂದೀತು. ಆದರೆ ಜಪಾನಿನ ಕ್ಯೋಟೊದಲ್ಲಿ ಕೆಅಗೆ ಕೇಂದ್ರ 1891ರಲ್ಲೇ ಓಡುತ್ತಿತ್ತು. ಅಷ್ಟು ದೂರ ಯಾಕೆ, ಡಾರ್ಜಿಲಿಂಗಿನ ಸಿದ್ರಾಪಾಂಗ್ 1897ರದ್ದು. ಶಿವನಸಮುದ್ರ ಬೆಳಗಿದ್ದು 1902ರಲ್ಲಿ. ‘ಮೊದಲ’ ಉಳಿಯುವುದಿಲ್ಲ. ಇಲ್ಲಿ ಒಳ್ಳೆಯ ಚೌಕಾಸಿಗೆ ಜಾಗವಿದೆ: ‘ಮೊದಲ’ ಎಂಬುದನ್ನು ಬಿಟ್ಟುಕೊಡಿ, ಅದರ ಬದಲಿಗೆ ಇದನ್ನು ತೆಗೆದುಕೊಳ್ಳಿ. ಕಾವೇರಿಯ ನೀರಿನಿಂದ ಹುಟ್ಟಿದ ಆ ವಿದ್ಯುತ್ತು ತಂತಿಯ ಮೇಲೆ 147 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿ ಮುಟ್ಟಿತು; ಅಷ್ಟು ದೂರ ವಿದ್ಯುತ್ ಸಾಗಿಸಿದ ಸಾಲುಗಳು ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ಬಿಟ್ಟದ್ದು ಒಂದು ವಿಶೇಷಣ, ಸಿಕ್ಕಿದ್ದು ಒಂದು ದೂರ, ಒಂದು ಇಸವಿ, ಒಂದು ಊರು. ಅಭಿಮಾನಕ್ಕೆ ನಷ್ಟವಾಗಲಿಲ್ಲ, ಓದುಗನಿಗೆ ಲಾಭವಾಯಿತು. ಕೆಲವು ವ್ಯಾಜ್ಯಗಳಂತೂ ಇನ್ನೂ ಹಗುರ. ಸಾತಕರ್ಣಿಯ ಪ್ರಾಕೃತ ಶಾಸನವಿರುವ ಮಳವಳ್ಳಿ ಶಿಕಾರಿಪುರ ತಾಲ್ಲೂಕಿನದು, ನಮ್ಮ ಮಳವಳ್ಳಿಯದಲ್ಲ. ‘ದ್ವಂದ್ವ ನಿವಾರಣೆ’ ಎಂಬ ಒಂದು ಪುಟ ಮಾಡಿ ಎರಡಕ್ಕೂ ದಾರಿ ತೋರಿಸಿದರೆ ಮುಗಿಯಿತು.

ಉರಿಗೌಡ, ನಂಜೇಗೌಡರ ವಿಷಯ ಹಾಗೆ ಹಗುರವಲ್ಲ. ಆ ಹೆಸರುಗಳಿಗೆ ಆಧಾರವೆಂದು ಮುಂದಿಟ್ಟದ್ದು ದೇ. ಜವರೇಗೌಡರ ‘ಸುವರ್ಣ ಮಂಡ್ಯ’ವನ್ನು, ಅಂದರೆ ಟಿಪ್ಪು ಸತ್ತ 1799ರ ಮೇ 4 ಕಳೆದು ಎರಡು ಶತಮಾನದ ಹತ್ತಿರ ಬಂದ ಮೇಲೆ ಅಚ್ಚಾದ ಪುಸ್ತಕವನ್ನು. ವಿಶ್ವಕೋಶದ ಕಟ್ಟಳೆ ಇಲ್ಲಿ ಕೇಳುವುದು ಎರಡೇ: ಆ ಪುಸ್ತಕ ನಿಜವಾಗಿ ಏನು ಹೇಳುತ್ತದೆ, ಅದು ಯಾವ ಹಿಂದಿನ ದಾಖಲೆಯಿಂದ ಹೇಳುತ್ತದೆ? ಇಬ್ಬರ ಹೆಸರು ಒಂದು ಪುಸ್ತಕದಲ್ಲಿ ಇರುವುದಕ್ಕೂ, ಅವರೇ ಟಿಪ್ಪುವನ್ನು ಕೊಂದರು ಎನ್ನುವುದಕ್ಕೂ ನಡುವೆ ಇರುವ ಕಂದಕವನ್ನು ಭಾಷಣ ಹಾರಬಹುದು, ಉಲ್ಲೇಖ ಹಾರಲಾರದು. ಕೊನೆಗೆ ಆ ಗದ್ದಲ ನಿಂತದ್ದು ಹೇಗೆ? ಸಿನಿಮಾಕ್ಕೂ ಆ ಹೆಸರು ನೋಂದಣಿಯಾದ ಮೇಲೆ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಅದರ ನಿರ್ಮಾಪಕರಾಗಿದ್ದ ಸಚಿವರನ್ನು ಕರೆಸಿ ಮಾತಾಡಿದರು, ಐತಿಹಾಸಿಕ ದಾಖಲೆ ಸಿಗುವ ತನಕ ಯಾರೂ ಈ ಮಾತು ಎತ್ತಬಾರದು ಎಂಬರ್ಥದಲ್ಲಿ ಹೇಳಿದರು, ಸಿನಿಮಾ ನಿಂತಿತು. ನೋಡಿ, ಮಠವೇ ಮೂರು ದಿನದಲ್ಲಿ ಮುಗಿಸಬಲ್ಲದ್ದಕ್ಕೆ ನಿಮ್ಮ ಚರ್ಚೆ ಪುಟ ಯಾಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಮಠ ಕೇಳಿದ್ದೂ ದಾಖಲೆಯನ್ನೇ ಎಂಬುದು ಸಮಾಧಾನದ ಸಂಗತಿ. ಆದರೆ ಅಲ್ಲಿ ಜಗಳ ನಿಂತದ್ದು ಗುರುಪೀಠದ ತೂಕಕ್ಕೆ. ಪ್ರಶ್ನೆ ಬಗೆಹರಿಯಲಿಲ್ಲ, ಬಾಯಿ ಮುಚ್ಚಿತು. ಮುಚ್ಚಿದ ಬಾಯಿ ಇನ್ನೊಂದು ಚುನಾವಣೆಗೆ ತೆರೆಯಬಹುದು. ಆಗ ಹಿಂದೆ ಯಾರು ಏನು ತೋರಿಸಿದ್ದರು, ಅದಕ್ಕೆ ಏನು ಉತ್ತರ ಬಂದಿತ್ತು ಎಂಬ ಕಡತ ಯಾರ ಕೈಯಲ್ಲೂ ಇರುವುದಿಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಬರಹದಲ್ಲಿ ಇರುವುದಷ್ಟೇ ನಿಜವೆಂದರೆ ಬರಹ ಇಲ್ಲದವರ ಇತಿಹಾಸ ಎಲ್ಲಿಗೆ ಹೋಗಬೇಕು? ಮದ್ದೂರು ವಡೆಯನ್ನೇ ತೆಗೆದುಕೊಳ್ಳಿ. 1917ರಲ್ಲಿ ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬವರು, ರೈಲು ಹೊತ್ತಿಗೆ ಮೊದಲೇ ಬಂದಾಗ ಪಕೋಡ ಬಿಡುವಷ್ಟು ವ್ಯವಧಾನವಿಲ್ಲದೆ ಹಿಟ್ಟನ್ನು ತಟ್ಟಿ ಕರಿದುಬಿಟ್ಟರು ಎಂಬ ಕಥೆ ಪ್ರಚಲಿತ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು ಅದು ಇಂದು ಹತ್ತು ಕಡೆ ಅಚ್ಚಾಗಿದೆ, ಹತ್ತು ಉಲ್ಲೇಖ ಸಿಗುತ್ತವೆ. ಬಾವಿ ಒಂದೇ, ಕೊಡ ಹತ್ತು. ಅದೇ ಹೊತ್ತಿನಲ್ಲಿ ಈರುಳ್ಳಿ, ಕರಿಬೇವು, ಚಿರೋಟಿ ರವೆ, ಅಕ್ಕಿಹಿಟ್ಟು ಕೂಡಿ ಕಾದ ಎಣ್ಣೆಗೆ ಬಿದ್ದಾಗ ಏಳುತ್ತಿದ್ದ ಆ ಘಮ, ಬುಟ್ಟಿ ಹೊತ್ತು ಬೋಗಿಯಿಂದ ಬೋಗಿಗೆ ಹಾರುತ್ತಿದ್ದವರ ಕೂಗು, ಎಣ್ಣೆ ಹೀರಿದ ಪತ್ರಿಕೆಯ ತುಂಡಿನಲ್ಲಿ ಕೈಬದಲಾಗುತ್ತಿದ್ದ ಬಿಸಿ ವಡೆ, ಇವಕ್ಕೆ ಉಲ್ಲೇಖವೇ ಇಲ್ಲ. ಮಾರಿದವರಿಗೆ ಗೊತ್ತಿದ್ದದ್ದನ್ನು ಯಾರೂ ಕೇಳಿ ಬರೆದುಕೊಳ್ಳಲಿಲ್ಲ. ಬಾಯಿಮಾತನ್ನು ಧ್ವನಿಮುದ್ರಿಸಿ ಅದನ್ನೇ ಆಧಾರವಾಗಿ ಬಳಸುವ ಪ್ರಯೋಗವೊಂದು 2011ರಲ್ಲಿ ಹಿಂದಿ, ಮಲಯಾಳಂಗಳಲ್ಲಿ ನಡೆದಿತ್ತು, ಅದು ರೂಢಿಯಾಗಲಿಲ್ಲ. ಈ ಕೊರತೆ ನಿಜ, ಒಪ್ಪಬೇಕು. ಆದರೆ ಇದಕ್ಕೆ ಮದ್ದು ಆಧಾರ ಕೇಳುವುದನ್ನು ಕೈಬಿಡುವುದಲ್ಲ. ಕೈಬಿಟ್ಟರೆ ಗೆಲ್ಲುವುದು ವಡೆ ಮಾರಿದವರ ನೆನಪಲ್ಲ, ಕಮಾನು ಕಟ್ಟಿಸುವ ತಾಕತ್ತು ಇದ್ದವರ ನೆನಪು. ದಶಪಥ ಊರನ್ನು ದಾಟಿಸಿಕೊಂಡು ಹೋಗುವಂತಾದ ಮೇಲೆ ಹಳೇ ಹೆದ್ದಾರಿಯ ವಡೆ ಹೋಟೆಲುಗಳ ಕಥೆಯಾದರೂ ಈಗಲೇ ಅಚ್ಚಿಗೆ ಬರಬೇಕು. ಬರುತ್ತಿಲ್ಲ.

ವಿಕಿಪೀಡಿಯದ ಹಳೆಯ ದಿನಗಳು ಬಂಗಾರವಾಗಿದ್ದವು ಎಂದರೆ ಸುಳ್ಳಾಗುತ್ತದೆ. ಆ ಕಟ್ಟೆಯ ಮೇಲೆ ಇದ್ದವರಲ್ಲೂ ಹೆಚ್ಚಿನವರು ಕಂಪ್ಯೂಟರು ಇದ್ದ ಗಂಡಸರು. ‘ಪೀಡಿಯ’ವೋ ‘ಪೀಡಿಯಾ’ವೋ ಎಂಬಂಥದ್ದಕ್ಕೂ ಮೂತಿ ತಿರುವಿಕೊಂಡವರು. 2010ರ ಆಸುಪಾಸಿನಲ್ಲಿ ಗೂಗಲ್ ಸಲಕರಣೆಯಿಂದ ಇಂಗ್ಲಿಷ್ ಲೇಖನಗಳು ಕನ್ನಡಕ್ಕೆ ರಾಶಿ ಬಿದ್ದಾಗ, ಓದಿದರೆ ಹಲ್ಲಿಗೆ ಕಲ್ಲು ಸಿಕ್ಕಂತಾಗುವ ಆ ಪುಟಗಳನ್ನು ಬಂಗಾಳಿಯವರು ಒಳಗೆ ಬಿಟ್ಟುಕೊಳ್ಳಲಿಲ್ಲ. ಕನ್ನಡದಲ್ಲಿ ಅವು ಉಳಿದವು, ತಿದ್ದುವಷ್ಟು ಕೈಗಳಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ದೊಡ್ಡ ಮನಸ್ಸಿನ ಕೆಲಸ. ಅದನ್ನೂ ಇಂದಿನ ಸಂಗತಿಗೆ ಹೊಂದಿಸಿ ತಿದ್ದಲು ಜನ ಬೇಕು. ಕೋಟಿಗಟ್ಟಲೆ ಜನರ ಈ ಭಾಷೆಯಲ್ಲಿ ಜಗಳವಾಡುವವರಿಗೆ ಬರವೇ? ಇಲ್ಲ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕೋ ಬೇಡವೋ ಎಂಬುದರ ಮೇಲೆ ಎಷ್ಟು ಚೆನ್ನಾಗಿ ಜಗಳವಾಡಿದೆವು! ಕೇಳಿದವರ ಪರ ನ್ಯಾಯವೂ ಇತ್ತು. ಆದರೆ ಜಿಲ್ಲೆಯ ಚರಿತ್ರೆಯ ಮೇಲಿನ ನಮ್ಮ ಜಗಳವೆಲ್ಲ ಈಗ ನಡೆಯುವುದು ವಾಟ್ಸ್ಆ್ಯಪ್ ಗುಂಪಿನಲ್ಲಿ. ಅಲ್ಲಿ ಆಧಾರ ಕೇಳಿದವನನ್ನೇ ಹೊರಗೆ ಹಾಕುತ್ತಾರೆ, ಕಳಿಸಿದವನು ತನ್ನ ಮಾತನ್ನು ಅಳಿಸಿದರೆ ಏನು ಅಳಿಸಿದ ಎಂಬುದು ಆಮೇಲೆ ಬಂದವನಿಗೆ ತಿಳಿಯುವುದಿಲ್ಲ.

ವಿಕಿಪೀಡಿಯದಲ್ಲಿ ಇನ್ನೂ ಯಾರೂ ಶುರುಮಾಡದ ಪುಟದ ಕೊಂಡಿ ಕೆಂಪು ಅಕ್ಷರದಲ್ಲಿ ಕಾಣುತ್ತದೆ. ಲೇಖನ ಇರಬಹುದು, ಅದರ ತಪ್ಪುಗಳೂ ಇರಬಹುದು, ತಪ್ಪು ಎಂದು ಒಬ್ಬರೂ ಬಾಯಿ ತೆರೆದಿಲ್ಲವಾದರೆ ಮೇಲಿನ ‘ಚರ್ಚೆ’ ಎಂಬ ಪದ ಕೆಂಪಾಗಿಯೇ ಇರುತ್ತದೆ. ಮದ್ದೂರಿನಿಂದ ಹೊರಟು ಮಳವಳ್ಳಿಯ ಕಡೆಗೆ ಒಂದೊಂದೇ ಊರಿನ ಪುಟ ತೆರೆಯುತ್ತ ಹೋಗಬೇಕು, ಲೇಖನ ಬಿಟ್ಟು ಬರೀ ಆ ಒಂದು ಪದದ ಬಣ್ಣ ನೋಡುತ್ತ.